ಥೀಮ್ ಪಾರ್ಕ್ ಪ್ರವಾಸ: ಜನದಟ್ಟಣೆ ತಪ್ಪಿಸಲು ಯಾರಿಗೆ ಯಾವ ದಾರಿ?

ಥೀಮ್ ಪಾರ್ಕಿಗೆ ಹೊರಡುವವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಅಲ್ಲಿನ ಜನಜಂಗುಳಿ. ಅದರಿಂದ ಪಾರಾಗಲು ಸಲಹೆಗಳಿಗೇನೂ ಕೊರತೆಯಿಲ್ಲ. ಜನ ಕಡಿಮೆ ಇರುವ ತಿಂಗಳಲ್ಲಿ ಹೋಗಿ ಎನ್ನುವವರಿದ್ದಾರೆ, ಗೇಟು ತೆರೆಯುವ ಮೊದಲೇ ಹೋಗಿ ನಿಲ್ಲಿ ಎನ್ನುವವರಿದ್ದಾರೆ, ಪಾರ್ಕಿನದೇ ಹೋಟೆಲಿನಲ್ಲಿ ಉಳಿದುಕೊಳ್ಳಿ ಎನ್ನುವವರಿದ್ದಾರೆ, ದುಡ್ಡು ಕೊಟ್ಟು ಸಾಲು ತಪ್ಪಿಸುವ ಪಾಸ್ ತೆಗೆದುಕೊಂಡರೆ ಮುಗಿಯಿತು ಎನ್ನುವವರೂ ಇದ್ದಾರೆ. ಈ ಪ್ರತಿಯೊಂದು ಸಲಹೆಯೂ ಯಾರೋ ಒಬ್ಬರಿಗೆ ಸರಿಯೇ. ಆದರೆ ಎಲ್ಲವನ್ನೂ ಒಟ್ಟಿಗೆ ಪಾಲಿಸಲು ಹೊರಟರೆ ಖರ್ಚು ಕೈಮೀರುತ್ತದೆ, ಮೈಯೂ ದಣಿಯುತ್ತದೆ. ಒಂದನ್ನೂ ಪಾಲಿಸದಿದ್ದರೆ ದಿನದ ಹೆಚ್ಚಿನ ಪಾಲು ಸಾಲಿನಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಬುಕಿಂಗ್ ಮಾಡುವ ಮೊದಲೇ ಒಂದೆರಡನ್ನು ಆರಿಸಿಕೊಂಡು ಉಳಿದವನ್ನು ಧೈರ್ಯವಾಗಿ ಕೈಬಿಡಬೇಕಾಗುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ದಿನಾಂಕದ ಆಯ್ಕೆಗೆ ಮೊದಲ ಸ್ಥಾನ, ಬೆಳಗಿನ ಹೊತ್ತಿಗೆ ಎರಡನೆಯದು, ಹಣ ಕೊಟ್ಟು ಪಡೆಯುವ ಪಾಸಿಗೆ ಕೊನೆಯದು. ಈ ಕ್ರಮ ತಿರುವುಮುರುವಾಗಬೇಕಾದ ಸಂದರ್ಭಗಳೂ ಇವೆ. ಅವು ನಿಮ್ಮ ತಂಡದಲ್ಲಿ ಯಾರಿದ್ದಾರೆ ಎಂಬುದನ್ನು ಅವಲಂಬಿಸಿವೆ.

ಮೊದಲು ನಿಮ್ಮ ತಂಡವನ್ನು ಅಳೆಯಿರಿ

ನೋಡಬೇಕಾದ ಮೊದಲ ಸಂಗತಿ ರಜೆಯ ಸ್ವಾತಂತ್ರ್ಯ. ಶಾಲೆಗೆ ಹೋಗುವ ಮಕ್ಕಳಿದ್ದರೆ ಪ್ರವಾಸದ ದಿನಗಳನ್ನು ಶಾಲೆಯೇ ನಿರ್ಧರಿಸಿಬಿಡುತ್ತದೆ. ಇಲ್ಲದವರು ವರ್ಷದ ಯಾವ ವಾರವನ್ನಾದರೂ ಆರಿಸಿಕೊಳ್ಳಬಹುದು.

ಎರಡನೆಯದು ಜೊತೆಗಿರುವವರ ವಯಸ್ಸು ಮತ್ತು ಮಕ್ಕಳ ಎತ್ತರ. ಎತ್ತರವನ್ನು ಮನೆಯಲ್ಲೇ, ಚಪ್ಪಲಿ ಹಾಕಿಸಿ, ಅಳೆದುಕೊಳ್ಳುವುದು ಒಳ್ಳೆಯದು. ಏಕೆಂದರೆ ಉದ್ದನೆಯ ಸಾಲುಗಳು ಹೆಚ್ಚಾಗಿ ಕಾಣುವುದು ಎತ್ತರದ ಮಿತಿಯಿರುವ ರೈಡ್‌ಗಳ ಮುಂದೆಯೇ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್ ಹತ್ತಲು 97 ಸೆಂಟಿಮೀಟರ್, ಸ್ಪೇಸ್ ಮೌಂಟನ್ ಹತ್ತಲು 112 ಸೆಂಟಿಮೀಟರ್ ಎತ್ತರವಿರಬೇಕು. ಸಮೀಪದಲ್ಲೇ ಇರುವ ಯೂನಿವರ್ಸಲ್‌ನ ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಪಾರ್ಕಿನಲ್ಲಿ ವೆಲಾಸಿಕೋಸ್ಟರ್‌ಗೆ 130, ಹಲ್ಕ್ ಕೋಸ್ಟರ್‌ಗೆ 137 ಸೆಂಟಿಮೀಟರ್ ಬೇಕು. ಮಗು ಹತ್ತಲಾಗದ ರೈಡ್‌ಗಳನ್ನು ಪಟ್ಟಿಯಿಂದ ಹೊಡೆದುಹಾಕಿದ ಮೇಲೆ ಎಷ್ಟೋ ಕುಟುಂಬಗಳಿಗೆ ದುಬಾರಿ ಪಾಸಿನ ಅಗತ್ಯವೇ ಉಳಿಯುವುದಿಲ್ಲ.

ಮೂರನೆಯದಾಗಿ, ನೋಡದೆ ಬಂದರೆ ಮನಸ್ಸಿಗೆ ಸಮಾಧಾನವಾಗದು ಎನ್ನುವಂಥ ರೈಡ್‌ಗಳು ಎಷ್ಟು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿಕೊಳ್ಳಿ. ನಾಲ್ಕೈದು ಇರುವವರ ಯೋಜನೆಯೂ ಎಲ್ಲವೂ ಬೇಕು ಎನ್ನುವವರ ಯೋಜನೆಯೂ ಒಂದೇ ಆಗಿರಲಾರದು. ಕೊನೆಯದಾಗಿ ಬಜೆಟ್ಟು; ಇಲ್ಲಿ ಒಟ್ಟು ಮೊತ್ತಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಪಾಸಿಗೆ ತಲೆಗಿಷ್ಟು ಎಂದು ಹಣ ಕೊಡಬೇಕು, ಹೋಟೆಲಿಗೆ ಕೋಣೆಗಿಷ್ಟು ಎಂದು ಕೊಡಬೇಕು, ನಸುಕಿನಲ್ಲಿ ಏಳುವುದಕ್ಕೆ ಯಾರೂ ಹಣ ಕೇಳುವುದಿಲ್ಲ. ಆದ್ದರಿಂದ ಇಬ್ಬರೇ ಹೋಗುವಾಗ ಅಗ್ಗವಾಗಿ ಕಂಡ ದಾರಿ ಐವರು ಹೋಗುವಾಗ ಎಲ್ಲಕ್ಕಿಂತ ದುಬಾರಿಯಾಗಿಬಿಡಬಹುದು.

ಸಾಲು ಏಕೆ ಬೆಳೆಯುತ್ತದೆ

ಆಯ್ಕೆಗಳನ್ನು ತೂಗಿ ನೋಡುವ ಮೊದಲು ಸಾಲಿನ ಲೆಕ್ಕವನ್ನು ಅರಿತಿರಬೇಕು. ಪಾರ್ಕಿನಲ್ಲಿ ಒಟ್ಟು ಎಷ್ಟು ಜನರಿದ್ದಾರೆ ಎಂಬುದರಷ್ಟೇ, ಒಂದು ರೈಡ್ ಗಂಟೆಗೆ ಎಷ್ಟು ಜನರನ್ನು ಹೊತ್ತೊಯ್ಯಬಲ್ಲದು ಎಂಬುದೂ ಮುಖ್ಯ. ಡಿಸ್ನಿಯ ಹಾಂಟೆಡ್ ಮ್ಯಾನ್ಶನ್ ರೈಡಿನಲ್ಲಿ ಆಸನಗಳು ನಿಲ್ಲದೆ ಸರಪಳಿಯಂತೆ ಸಾಗುತ್ತಲೇ ಇರುವುದರಿಂದ ಸಾಲು ಉದ್ದವಿದ್ದರೂ ಬೇಗ ಕರಗುತ್ತದೆ. ಪೀಟರ್ ಪ್ಯಾನ್ಸ್ ಫ್ಲೈಟ್‌ನ ಪುಟ್ಟ ದೋಣಿಗಳಲ್ಲಿ ಕೆಲವರಿಗಷ್ಟೇ ಜಾಗವಿರುವುದರಿಂದ ಚಿಕ್ಕದಾಗಿ ಕಾಣುವ ಸಾಲೂ ಆಮೆಗತಿಯಲ್ಲಿ ಸರಿಯುತ್ತದೆ. ಸಾಲಿನ ಉದ್ದ ನೋಡಿ ಹೆದರುವುದಾಗಲಿ, ಚಿಕ್ಕದೆಂದು ನಂಬಿ ನಿಂತುಬಿಡುವುದಾಗಲಿ ಎರಡೂ ತಪ್ಪು.

ಹಣ ಕೊಟ್ಟವರಿಗೆ ಬೇರೆ ಸಾಲಿರುವ ಕಡೆ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಗಂಟೆಗೆ 1,200 ಜನರನ್ನು ಹತ್ತಿಸಿಕೊಳ್ಳುವ ರೈಡ್ ಒಂದಿದೆ ಎಂದುಕೊಳ್ಳೋಣ. ನಿಮ್ಮ ಮುಂದೆ 600 ಜನರಿದ್ದರೆ ಅರ್ಧ ಗಂಟೆ ಕಾದರೆ ಸಾಕು. ಆದರೆ ಆಸನಗಳಲ್ಲಿ ಮೂರರಲ್ಲಿ ಎರಡು ಪಾಲು ಪಾಸ್ ಇರುವವರಿಗೆ ಹೋದರೆ ಸಾಮಾನ್ಯ ಸಾಲಿಗೆ ಉಳಿಯುವುದು ಗಂಟೆಗೆ 400 ಮಾತ್ರ. ಅದೇ 600 ಜನರ ಹಿಂದೆ ನೀವು ಒಂದೂವರೆ ಗಂಟೆ ನಿಲ್ಲಬೇಕಾಗುತ್ತದೆ. ಸಾಲು ಅರ್ಧಕ್ಕೆ ಬಂದಮೇಲೆ ಕದಲದೆ ನಿಂತಂತೆ ಅನಿಸುವುದು ಇದೇ ಕಾರಣಕ್ಕೆ. ಬೆಳಗ್ಗೆ ಗೇಟು ತೆರೆದ ಮೊದಲ ಹೊತ್ತಿನಲ್ಲಿ ಪಾಸಿನ ಸಾಲು ಇನ್ನೂ ತುಂಬಿರುವುದಿಲ್ಲ, ಆದ್ದರಿಂದ ರೈಡಿನ ಪೂರ್ತಿ ಸಾಮರ್ಥ್ಯ ಸಾಮಾನ್ಯ ಸಾಲಿಗೆ ಸಿಗುತ್ತದೆ. ಬೆಳಗಿನ ಹೊತ್ತಿನ ಬೆಲೆ ಇರುವುದು ಇಲ್ಲಿ.

ಜನ ಕಡಿಮೆಯಿರುವ ದಿನವನ್ನು ಆರಿಸುವುದು

ದಿನಾಂಕ ಬದಲಿಸುವ ಸ್ವಾತಂತ್ರ್ಯವಿರುವವರಿಗೆ ಇದಕ್ಕೆ ಸಮನಾದ ದಾರಿ ಇನ್ನೊಂದಿಲ್ಲ, ಏಕೆಂದರೆ ಇದರಿಂದ ಸಾಲೂ ಕಡಿಮೆಯಾಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ. ಅಮೆರಿಕದ ಡಿಸ್ನಿ ಪಾರ್ಕುಗಳು 2016ರಿಂದ ದಿನಕ್ಕೊಂದು ದರ ಎಂಬ ಪದ್ಧತಿಯತ್ತ ಹೊರಳಿದವು. ಟೋಕಿಯೊ ಡಿಸ್ನಿ 2021ರಲ್ಲಿ ಅದೇ ದಾರಿ ಹಿಡಿಯಿತು. ಇದರಿಂದ ಪ್ರವಾಸಿಗೆ ಒಂದು ದೊಡ್ಡ ಅನುಕೂಲವಾಗಿದೆ: ಟಿಕೆಟ್ ದರದ ಕ್ಯಾಲೆಂಡರೇ ಜನದಟ್ಟಣೆಯ ಮುನ್ಸೂಚನೆಯಾಗಿದೆ. ಯಾವ ದಿನ ಎಷ್ಟು ಜನ ಬರಬಹುದೆಂದು ಪಾರ್ಕಿನವರಿಗಿಂತ ಚೆನ್ನಾಗಿ ಅಂದಾಜು ಮಾಡಬಲ್ಲವರು ಯಾರೂ ಇಲ್ಲ, ಆ ಅಂದಾಜನ್ನೇ ಅವರು ದರವಾಗಿ ಮುಂದಿಟ್ಟಿರುತ್ತಾರೆ. ಎರಡು ವಾರಗಳ ನಡುವೆ ಡೋಲಾಯಮಾನವಾಗಿರುವವರು ಬೇರಾವ ಸಲಹೆಗೂ ಕಾಯದೆ ಆ ಎರಡು ವಾರಗಳ ಟಿಕೆಟ್ ದರವನ್ನು ಹೋಲಿಸಿ ನೋಡಿದರೆ ಸಾಕು.

ನಿಮ್ಮೂರಿನ ರಜೆಯನ್ನಲ್ಲ, ಪಾರ್ಕ್ ಇರುವ ದೇಶದ ರಜೆಯನ್ನು ನೋಡಬೇಕು ಎಂಬುದನ್ನು ಅನೇಕರು ಮರೆಯುತ್ತಾರೆ. ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಆರಂಭದವರೆಗಿನ ಗೋಲ್ಡನ್ ವೀಕ್, ಶಾಂಘೈ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಅಕ್ಟೋಬರ್ 1ರಿಂದ ಆರಂಭವಾಗುವ ಚೀನಾದ ರಾಷ್ಟ್ರೀಯ ರಜೆಯ ವಾರ, ಅಮೆರಿಕದಲ್ಲಿ ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ದಿನಗಳು, ಇವುಗಳಲ್ಲಿ ಯಾವ ಜಾಣ್ಮೆಯೂ ಹೆಚ್ಚು ಫಲ ಕೊಡುವುದಿಲ್ಲ. ಪ್ಯಾರಿಸ್‌ಗೆ ಹೋಗುವವರು ಇನ್ನೊಂದನ್ನು ಗಮನಿಸಬೇಕು: ಫ್ರಾನ್ಸಿನ ಶಾಲೆಗಳನ್ನು ಮೂರು ವಲಯಗಳಾಗಿ ವಿಂಗಡಿಸಿ ಚಳಿಗಾಲದ ಮತ್ತು ವಸಂತದ ರಜೆಯನ್ನು ಬೇರೆ ಬೇರೆ ವಾರಗಳಲ್ಲಿ ಕೊಡುವುದರಿಂದ ಅಲ್ಲಿ ನೂಕುನುಗ್ಗಲು ಒಂದೇ ವಾರಕ್ಕೆ ಮುಗಿಯುವುದಿಲ್ಲ. ಟೋಕಿಯೊದಲ್ಲೂ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲೂ ಸುತ್ತಮುತ್ತಲಿನ ಊರಿನವರೇ ಹೆಚ್ಚಾಗಿ ಬರುವುದರಿಂದ ವಾರದ ನಡುವಿನ ದಿನಗಳಿಗೂ ವಾರಾಂತ್ಯಕ್ಕೂ ಅಂತರ ಎದ್ದು ಕಾಣುತ್ತದೆ.

ಈ ದಾರಿಗೂ ತನ್ನದೇ ಬೆಲೆಯಿದೆ. ಫ್ಲಾರಿಡಾದಲ್ಲಿ ಶಾಲೆಗಳು ಮತ್ತೆ ತೆರೆದ ನಂತರದ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ತಿಂಗಳು ಬಿಡುವಾಗಿರುತ್ತವೆ, ಆದರೆ ಸುಡುವ ಬಿಸಿಲು ಮತ್ತು ಮಧ್ಯಾಹ್ನದ ಗುಡುಗುಮಳೆ ಆಗಿನ ಪಾಡು. ಮಿಂಚು ಕಂಡರೆ ಬಯಲಿನ ರೈಡ್‌ಗಳನ್ನು ನಿಲ್ಲಿಸಿಬಿಡುತ್ತಾರೆ. ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ ಇರುವುದರಿಂದ ಹಣ ವಾಪಸ್ ಸಿಗುವಂಥ ಬುಕಿಂಗ್ ಮಾಡುವುದು ಕ್ಷೇಮ. ಹೊಸ ವರ್ಷದ ಗದ್ದಲ ಇಳಿದ ಮೇಲಿನ ಜನವರಿಯಲ್ಲಿ ಹವೆ ಹಿತವಾಗಿರುತ್ತದೆ, ಆದರೆ ಪಾರ್ಕಿನವರು ದುರಸ್ತಿಗೆ ಆರಿಸಿಕೊಳ್ಳುವುದೂ ಆ ದಿನಗಳನ್ನೇ. ಪಾರ್ಕ್ ಮುಚ್ಚುವ ಹೊತ್ತೂ ಬೇಗ. ಖಾಲಿ ಪಾರ್ಕಿನಲ್ಲಿ ನೀವು ಬಯಸಿ ಬಂದ ರೈಡೇ ಮುಚ್ಚಿದ್ದರೆ ಆ ಉಳಿತಾಯಕ್ಕೆ ಅರ್ಥವಿಲ್ಲ.

ವಾಲ್ಟ್ ಡಿಸ್ನಿ ವರ್ಲ್ಡ್‌ನೊಳಗಿನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ಹೋಗುವವರಿಗೆ ಇನ್ನೊಂದು ಬಗೆಯ ಬಿಡುವಿನ ದಿನವಿದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹ್ಯಾಲೋವೀನ್ ಹೆಸರಿನಲ್ಲಿ, ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ಹೆಸರಿನಲ್ಲಿ, ಕೆಲವು ಸಂಜೆಗಳಂದು ಅಲ್ಲಿ ಪ್ರತ್ಯೇಕ ಟಿಕೆಟ್ಟಿನ ಪಾರ್ಟಿ ನಡೆಯುತ್ತದೆ. ಅಂದು ಸಾಮಾನ್ಯ ಟಿಕೆಟ್ಟಿನವರು ಸಂಜೆ 6ಕ್ಕೆ ಹೊರಡಬೇಕಾಗುತ್ತದೆ. ರಾತ್ರಿಯ ಪಟಾಕಿ ಪ್ರದರ್ಶನ ತಪ್ಪಿಹೋಗುತ್ತದೆಂದು ಅನೇಕರು ಆ ದಿನ ಬರುವುದೇ ಇಲ್ಲ, ಹಾಗಾಗಿ ಹಗಲಿನಲ್ಲಿ ಸಾಲುಗಳು ಎದ್ದು ಕಾಣುವಷ್ಟು ಚಿಕ್ಕದಾಗಿರುತ್ತವೆ. ಹೇಗೂ ಸಂಜೆಗೆ ದಣಿದುಬಿಡುವ ಚಿಕ್ಕ ಮಕ್ಕಳಿರುವವರಿಗೆ ಇದು ಹೇಳಿ ಮಾಡಿಸಿದ ದಿನ. ಪಟಾಕಿಗಾಗಿಯೇ ಹೋಗುವವರಿಗೆ ಖಂಡಿತ ಅಲ್ಲ.

ಗೇಟು ತೆರೆಯುವ ಮೊದಲೇ ತಲುಪುವುದು

ರಜೆಯ ದಿನಗಳನ್ನು ಬದಲಿಸಲಾಗದ ಕುಟುಂಬಕ್ಕೆ ನಾನು ಮೊದಲು ಸೂಚಿಸುವುದು ಇದನ್ನು. ತಪಾಸಣೆಗೆ ಹಿಡಿಯುವ ಸಮಯವನ್ನೂ ಸೇರಿಸಿ, ಘೋಷಿತ ಸಮಯಕ್ಕಿಂತ ಮುಕ್ಕಾಲು ಗಂಟೆ ಮೊದಲು ಗೇಟಿನ ಬಳಿ ಇರುವಂತೆ ನೋಡಿಕೊಂಡರೆ ಮೊದಲ ಒಂದೆರಡು ಗಂಟೆಯಲ್ಲಿ ಮುಗಿಯುವ ರೈಡ್‌ಗಳ ಸಂಖ್ಯೆ, ಮಧ್ಯಾಹ್ನದ ನಾಲ್ಕೈದು ಗಂಟೆಯಲ್ಲಿ ಮುಗಿಯುವ ಸಂಖ್ಯೆಯನ್ನು ಸುಲಭವಾಗಿ ಸರಿಗಟ್ಟುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ಪಾರ್ಕ್ ಗಿಜಿಗುಡುವಾಗ ಕೋಣೆಗೆ ಮರಳಿ ವಿಶ್ರಾಂತಿ ಪಡೆದು ಸಂಜೆ ಮತ್ತೆ ಬರಬಹುದು.

ಆದರೆ ಬೇಗ ಹೋಗುವುದರ ಲಾಭ ಮೊದಲು ಎಲ್ಲಿಗೆ ಹೋಗುತ್ತೀರಿ ಎಂಬುದರಲ್ಲಿದೆ. ಎಲ್ಲರೂ ಓಡುವ ರೈಡಿಗೆ ಎಲ್ಲರ ಹಿಂದೆಯೇ ಓಡಿದರೆ ಬೆಳಗ್ಗೆ ಎದ್ದದ್ದು ವ್ಯರ್ಥ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಡಿಸ್ನಿ ಹೋಟೆಲಿನ ಅತಿಥಿಗಳಿಗೆ ಅರ್ಧ ಗಂಟೆ ಮೊದಲೇ ಪ್ರವೇಶವಿದ್ದು, ಆ ಹೊತ್ತಿನಲ್ಲಿ ತೆರೆದಿರುವುದು ಫ್ಯಾಂಟಸಿಲ್ಯಾಂಡ್ ಮತ್ತು ಟುಮಾರೋಲ್ಯಾಂಡ್. ಹೊರಗಿನ ಹೋಟೆಲಿನವರು ಒಳಗೆ ಬರುವಷ್ಟರಲ್ಲಿ ಸೆವೆನ್ ಡ್ವಾರ್ಫ್ಸ್ ಮತ್ತು ಪೀಟರ್ ಪ್ಯಾನ್ ಮುಂದೆ ಸಾಲು ಆಗಲೇ ಬೆಳೆದಿರುತ್ತದೆ. ಅಂಥವರು ಆ ಕಡೆ ತಲೆಹಾಕದೆ ಎಡಕ್ಕೆ ತಿರುಗಿ ಅಡ್ವೆಂಚರ್‌ಲ್ಯಾಂಡ್‌ನ ಜಂಗಲ್ ಕ್ರೂಸ್, ಫ್ರಾಂಟಿಯರ್‌ಲ್ಯಾಂಡ್‌ನ ಟಿಯಾನಾಸ್ ಬಾಯೂ ಅಡ್ವೆಂಚರ್ ಮುಗಿಸಿಕೊಳ್ಳುವುದು ಜಾಣತನ. ಯಾವ ಪಾರ್ಕಿಗೇ ಹೋದರೂ ಇದೇ ತತ್ತ್ವ: ಗಂಟೆಗೆ ಕಡಿಮೆ ಜನರನ್ನು ಹತ್ತಿಸಿಕೊಳ್ಳುವ, ಆದರೆ ಎಲ್ಲರೂ ಬಯಸುವ ರೈಡ್‌ಗಳು ಬೆಳಗ್ಗೆ, ಎಷ್ಟು ಜನ ಬಂದರೂ ನುಂಗಿಕೊಳ್ಳುವ ದೋಣಿಯಾನಗಳು ಮತ್ತು ರಂಗಪ್ರದರ್ಶನಗಳು ಮಧ್ಯಾಹ್ನ.

ನಸುಕಿನಲ್ಲಿ ಏಳಲು ಒಪ್ಪದ ಹದಿಹರೆಯದವರಿದ್ದರೆ ದಿನದ ಇನ್ನೊಂದು ತುದಿಯನ್ನು ಹಿಡಿಯಬಹುದು. ಪಟಾಕಿ ಮತ್ತು ಮೆರವಣಿಗೆಯ ಹೊತ್ತಿನಲ್ಲಿ ರೈಡ್‌ಗಳ ಮುಂದೆ ಜನ ತೆಳುವಾಗುತ್ತಾರೆ. ಡಿಸ್ನಿ ಪಾರ್ಕುಗಳಲ್ಲಿ ಮುಚ್ಚುವ ಸಮಯಕ್ಕೆ ಒಂದು ನಿಮಿಷ ಮೊದಲು ಸಾಲಿಗೆ ಸೇರಿದರೂ ರೈಡ್ ಸಿಗುತ್ತದೆ, ಆಗ ಫಲಕದಲ್ಲಿ ತೋರಿಸುವ ಕಾಯುವ ಅವಧಿ ನಿಜಕ್ಕಿಂತ ಹೆಚ್ಚಿರುವುದೇ ಸಾಮಾನ್ಯ. ಆ ಅವಧಿಯನ್ನು ಅಳೆಯಲು ಸಾಲಿನ ಬಾಗಿಲಲ್ಲಿ ಸಿಬ್ಬಂದಿ ಒಮ್ಮೊಮ್ಮೆ ಒಬ್ಬರ ಕೈಗೆ ಕಾರ್ಡೊಂದನ್ನು ಕೊಡುತ್ತಾರೆ. ರೈಡ್ ಹತ್ತುವ ಜಾಗದಲ್ಲಿ ಅದನ್ನು ಹಿಂದಿರುಗಿಸಿದಾಗ ಎಷ್ಟು ಹೊತ್ತು ಹಿಡಿಯಿತೆಂದು ಗೊತ್ತಾಗುತ್ತದೆ. ಹೀಗೆ ಬರುವ ಅಂಕಿ ಆಗಲೇ ಕಳೆದುಹೋದ ಹೊತ್ತಿನದು. ಸಾಲು ಕರಗುತ್ತಿರುವ ರಾತ್ರಿಯಲ್ಲಿ ಅದನ್ನು ಅಕ್ಷರಶಃ ನಂಬಬೇಕಾಗಿಲ್ಲ.

ಪಾರ್ಕಿನದೇ ಹೋಟೆಲ್

ಹೋಟೆಲಿನ ಸೌಲಭ್ಯ ಎಲ್ಲ ಕಡೆ ಒಂದೇ ತೂಕದ್ದಲ್ಲ. ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಸಿಗುವುದು ಅರ್ಧ ಗಂಟೆಯ ಮುಂಪ್ರವೇಶ. ಟೋಕಿಯೊ ಡಿಸ್ನಿಯಲ್ಲಿ ಕಾಲು ಗಂಟೆ. ಕಾಲು ಗಂಟೆ ಕಡಿಮೆಯೆಂದು ಕಂಡರೂ ಗೇಟಿನ ಮುಂದೆ ಭಾರಿ ಜನ ಸೇರುವ ಟೋಕಿಯೊದಲ್ಲಿ ಆ ಹೊತ್ತಿಗೆ ಒಂದು ದೊಡ್ಡ ರೈಡ್ ಮುಗಿಸಿಕೊಳ್ಳಬಹುದು. ಆದರೆ ಮುಂಪ್ರವೇಶವನ್ನು ಬಳಸಲು ನಸುಕಿನಲ್ಲೇ ಹೊರಡಬೇಕು. ಒಂಬತ್ತಕ್ಕೆ ಏಳುವ ಕುಟುಂಬ ಈ ಕಾರಣಕ್ಕಾಗಿ ಹೆಚ್ಚು ಬಾಡಿಗೆ ತೆರುವುದರಲ್ಲಿ ಅರ್ಥವಿಲ್ಲ.

ಯೂನಿವರ್ಸಲ್ ಓರ್ಲ್ಯಾಂಡೊದ ಮಾತು ಬೇರೆ. ಅಲ್ಲಿನ ಪೋರ್ಟೊಫಿನೊ ಬೇ, ಹಾರ್ಡ್ ರಾಕ್ ಮತ್ತು ರಾಯಲ್ ಪೆಸಿಫಿಕ್ ಎಂಬ ಮೂರು ದುಬಾರಿ ಹೋಟೆಲುಗಳ ಕೋಣೆಯ ಬಾಡಿಗೆಯಲ್ಲೇ ಯೂನಿವರ್ಸಲ್ ಸ್ಟುಡಿಯೋಸ್ ಮತ್ತು ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಪಾರ್ಕುಗಳಲ್ಲಿ ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಸೇರಿರುತ್ತದೆ. ಕೋಣೆಯಲ್ಲಿರುವ ಎಲ್ಲರಿಗೂ ಅದು ಸಲ್ಲುತ್ತದೆ. ಹೋಟೆಲಿಗೆ ಬಂದ ದಿನ, ಬಿಟ್ಟ ದಿನ ಎರಡಕ್ಕೂ ಅನ್ವಯಿಸುವುದರಿಂದ ಒಂದು ರಾತ್ರಿಯ ಬಾಡಿಗೆಗೆ ಎರಡು ದಿನದ ಪಾಸ್ ಸಿಕ್ಕಂತಾಗುತ್ತದೆ. ನಾಲ್ವರ ಕುಟುಂಬಕ್ಕೆ ತಲೆಗೊಂದು ಪಾಸ್ ಕೊಳ್ಳುವುದಕ್ಕಿಂತ ಇದೇ ಅಗ್ಗವಾಗುವುದುಂಟು. 2025ರ ಮೇ ತಿಂಗಳಲ್ಲಿ ತೆರೆದ ಎಪಿಕ್ ಯೂನಿವರ್ಸ್ ಪಾರ್ಕ್ ಈ ಸೌಲಭ್ಯದಲ್ಲಿ ಸೇರಿಲ್ಲ ಎಂಬುದನ್ನು ನೆನಪಿಡಬೇಕು. ಇಂಥ ನಿಯಮಗಳು ಬದಲಾಗುತ್ತಿರುವುದರಿಂದ ಬುಕಿಂಗ್ ಪುಟದಲ್ಲಿ ಅದನ್ನು ಸ್ಪಷ್ಟವಾಗಿ ಓದಿಕೊಂಡೇ ಹಣ ಕಟ್ಟಿ.

ಹಣ ಕೊಟ್ಟು ಸಾಲು ತಪ್ಪಿಸುವುದು

ಡಿಸ್ನಿ 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಎಲ್ಲರಿಗೂ ಉಚಿತವಾಗಿತ್ತು. 2021ರಲ್ಲಿ ಜೀನಿ ಪ್ಲಸ್ ಎಂಬ ಹೆಸರಿನಲ್ಲಿ ಶುಲ್ಕದ ಪದ್ಧತಿ ಬಂತು. 2024ರ ಜುಲೈಯಿಂದ ಅದರ ಹೆಸರು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಎಂದಾಗಿದೆ; ಒಂದೇ ರೈಡಿಗೆ ಕೊಳ್ಳುವುದಕ್ಕೆ ಸಿಂಗಲ್ ಪಾಸ್ ಎಂದು ಹೆಸರು. ಫ್ಲಾರಿಡಾದಲ್ಲಿ ಡಿಸ್ನಿ ಹೋಟೆಲಿನವರು ಏಳು ದಿನ ಮೊದಲೇ, ಉಳಿದವರು ಮೂರು ದಿನ ಮೊದಲು ಸಮಯ ಕಾದಿರಿಸಬಹುದು. ಹೊರಗೆ ಉಳಿದುಕೊಂಡವರಿಗೆ ಬೇಡಿಕೆಯ ರೈಡ್‌ಗಳ ಒಳ್ಳೆಯ ಸಮಯಗಳು ಸಿಗದೇ ಹೋಗಬಹುದು, ಆದರೂ ಹಣ ಅಷ್ಟೇ ಕೊಡಬೇಕು.

ಜನ ತುಂಬಿದ ದಿನ ಈ ಪಾಸಿನ ದರವೂ ಏರುತ್ತದೆ. ಬಿಡುವಿನ ದಿನ ಅಗ್ಗವಾಗಿ ಸಿಕ್ಕರೂ ಅದರಿಂದ ಉಳಿಯುವ ಸಮಯ ಅಲ್ಪ. ಹಾಗಾಗಿ ಬಿಡುವಿನ ದಿನಕ್ಕೆ ಹೋಗುವವರು ಇದನ್ನು ಕೊಳ್ಳಲೇಬಾರದೆಂದು ನನಗನಿಸುತ್ತದೆ. ಎಷ್ಟೇ ನೂಕುನುಗ್ಗಲಿದ್ದರೂ ಆ ಒಂದೇ ದಿನ ಹೋಗಬೇಕಾದವರಿಗೆ, ಮತ್ತೆ ಆ ಕಡೆ ಬರುವ ಸಾಧ್ಯತೆಯೇ ಇಲ್ಲದವರಿಗೆ, ಬೆಳಗ್ಗೆ ಬೇಗ ಹೊರಡಲಾಗದ ಹಿರಿಯರು ಜೊತೆಗಿದ್ದವರಿಗೆ ಪಾಸ್ ಸಾರ್ಥಕ. ಅದರಲ್ಲೂ ಇಡೀ ದಿನದ ಪಾಸಿಗಿಂತ ಬೇಕಾದ ರೈಡಿಗಷ್ಟೇ ಹಣ ಕೊಡುವ ಪದ್ಧತಿ ಹೆಚ್ಚು ನ್ಯಾಯವಾದದ್ದು. ಟೋಕಿಯೊದಲ್ಲಿ 2022ರಿಂದ ಇರುವ ಪ್ರೀಮಿಯರ್ ಆ್ಯಕ್ಸೆಸ್ ಈ ಬಗೆಯದು. ಒಳಗೆ ಹೋದ ಮೇಲೆ ಆ್ಯಪ್‌ನಲ್ಲಿ ಸಾಲಿನ ಅವಧಿ ನೋಡಿ, ಬೇಕೆನಿಸಿದರೆ ಒಂದು ರೈಡಿಗೆ ಮಾತ್ರ ಕೊಳ್ಳಬಹುದು.

ಹಣವಿಲ್ಲದೆಯೂ ಸಾಲು ತಪ್ಪಿಸುವ ಎರಡು ಸೌಲಭ್ಯಗಳಿವೆ. ಒಂಟಿಯಾಗಿ ಕೂರಲು ಒಪ್ಪುವವರಿಗೆ ಕೆಲವು ರೈಡ್‌ಗಳಲ್ಲಿ ಸಿಂಗಲ್ ರೈಡರ್ ಸಾಲಿದೆ. ಹದಿಹರೆಯದವರಿಗೆ ಇದು ವರದಾನ, ಚಿಕ್ಕ ಮಕ್ಕಳಿಗೆ ನಿಷಿದ್ಧ. ಎತ್ತರ ಸಾಲದ ಮಗುವಿದ್ದರೆ ಅಪ್ಪ ರೈಡ್ ಮುಗಿಸಿ ಬರುವವರೆಗೆ ಅಮ್ಮ ಮಗುವಿನೊಂದಿಗಿದ್ದು, ಬಳಿಕ ಪೂರ್ತಿ ಸಾಲಿನಲ್ಲಿ ಮತ್ತೆ ನಿಲ್ಲದೆ ಹತ್ತುವ ರೈಡರ್ ಸ್ವಿಚ್ ವ್ಯವಸ್ಥೆಯಿದೆ. ಅದನ್ನು ಸಾಲಿನ ಬಾಗಿಲಲ್ಲೇ ಕೇಳಿ ಪಡೆಯಬೇಕು.

ಇನ್ನೊಂದು ದಿನ ಸೇರಿಸುವುದು

ಪಾಸ್ ಕೊಳ್ಳಬೇಕೇ ಬೇಡವೇ ಎಂದು ಲೆಕ್ಕ ಹಾಕುವವರು ಹೋಲಿಸಿ ನೋಡದ ಆಯ್ಕೆಯೊಂದಿದೆ. ವಾಲ್ಟ್ ಡಿಸ್ನಿ ವರ್ಲ್ಡ್‌ನಂಥ ಕಡೆ ಟಿಕೆಟ್ಟಿನ ದಿನಗಳು ಹೆಚ್ಚಿದಷ್ಟೂ ದಿನವೊಂದರ ಸರಾಸರಿ ದರ ಇಳಿಯುತ್ತದೆ. ಮೂರು ದಿನದ ಟಿಕೆಟ್ಟನ್ನು ನಾಲ್ಕಕ್ಕೆ ಏರಿಸಲು ಆಗುವ ಹೆಚ್ಚುವರಿ ಖರ್ಚನ್ನು, ಇಡೀ ಕುಟುಂಬಕ್ಕೆ ಮೂರು ದಿನದ ಪಾಸಿನ ಖರ್ಚಿನೊಂದಿಗೆ ಪಕ್ಕಪಕ್ಕ ಬರೆದು ನೋಡಿ. ಒಂದು ರಾತ್ರಿಯ ಬಾಡಿಗೆಯನ್ನು ಸೇರಿಸಿದರೂ ದೊಡ್ಡ ಕುಟುಂಬಕ್ಕೆ ಹೆಚ್ಚುವರಿ ದಿನವೇ ಲಾಭವಾಗಬಹುದು. ನಾಲ್ಕು ಬೆಳಗುಗಳು ಸಿಕ್ಕರೆ ಮಧ್ಯಾಹ್ನದ ಸಾಲುಗಳಲ್ಲಿ ನಿಲ್ಲುವ ಪ್ರಮೇಯವೇ ಬರುವುದಿಲ್ಲ. ರಜೆ ಸಾಲದವರಿಗೆ ಮಾತ್ರ ಇದು ಒದಗದು. ಅವರು ಹಣ ಕೊಟ್ಟು ಸಮಯ ಕೊಳ್ಳಲೇಬೇಕು.

ನಿಮ್ಮ ಪಾಲಿಗೆ ಯಾವುದು

ಮಗುವಿಗೆ ಮೂರು ತುಂಬಿಲ್ಲದಿದ್ದರೆ ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಅದಕ್ಕೆ ಟಿಕೆಟ್ ಬೇಡ, ಶಾಲೆಯ ಕಟ್ಟುಪಾಡೂ ಇಲ್ಲ. ಅಂಥ ಕುಟುಂಬ ಬಿಡುವಿನ ತಿಂಗಳನ್ನು ಆರಿಸಿ, ಬೆಳಗಿನ ಅರ್ಧ ದಿನ ಕಳೆದು ಹಿಂದಿರುಗುವುದು ಒಳ್ಳೆಯದು; ಪಾಸಿಗೆ ಕೊಡುವ ಹಣವನ್ನು ಗೇಟಿಗೆ ಹತ್ತಿರದ ಕೋಣೆಗೆ ಕೊಟ್ಟರೆ ಮಗುವಿನ ನಿದ್ದೆಗೆ ಅನುಕೂಲ. ಶಾಲಾರಜೆಯಲ್ಲೇ ಹೋಗಬೇಕಾದವರು, ಮಕ್ಕಳು ಏಳರಿಂದ ಹನ್ನೆರಡರ ಒಳಗಿನವರಾದರೆ, ಗೇಟು ತೆರೆಯುವ ಹೊತ್ತಿಗೇ ಹೋಗುವುದನ್ನೂ ಒಂದು ಹೆಚ್ಚುವರಿ ದಿನವನ್ನೂ ಜೋಡಿಸಿಕೊಳ್ಳಲಿ. ರೋಲರ್ ಕೋಸ್ಟರ್‌ಗಳಿಗಾಗಿಯೇ ಹೋಗುವ ಹದಿಹರೆಯದವರ ತಂಡಕ್ಕೆ ಸಿಂಗಲ್ ರೈಡರ್ ಸಾಲು ಮತ್ತು ರಾತ್ರಿಯ ಕೊನೆಯ ಗಂಟೆ ಸಾಕು. ಇಬ್ಬರೇ ಹೋಗುವವರು, ಒಂದೇ ದಿನವಿರುವವರು, ನಿಸ್ಸಂಕೋಚವಾಗಿ ಪಾಸ್ ತೆಗೆದುಕೊಳ್ಳಬಹುದು. ತಲೆಗಳು ಎರಡೇ ಆದ್ದರಿಂದ ಹೊರೆ ಅಷ್ಟಿಲ್ಲ. ಹಿರಿಯರು ಜೊತೆಗಿದ್ದರೆ ಸಾಲಿಗಿಂತ ನಡಿಗೆಯೇ ಹೆಚ್ಚು ದಣಿಸುತ್ತದೆ. ಅಂಥವರಿಗೆ ಹಾಂಟೆಡ್ ಮ್ಯಾನ್ಶನ್, ಪೈರೇಟ್ಸ್ ಆಫ್ ದ ಕೆರಿಬಿಯನ್‌ನಂಥ ಬೇಗ ಸಾಗುವ ರೈಡ್‌ಗಳನ್ನೂ ತಂಪಾದ ಒಳಾಂಗಣ ಪ್ರದರ್ಶನಗಳನ್ನೂ ಒಂದೇ ಬದಿಯಲ್ಲಿ ಬರುವಂತೆ ಜೋಡಿಸಿ.

ಯಾವುದನ್ನು ಆರಿಸಿಕೊಂಡರೂ ಬುಕಿಂಗ್ ಅನುಕ್ರಮ ಹೀಗಿರಲಿ: ಮೊದಲು ಟಿಕೆಟ್ ದರದ ಕ್ಯಾಲೆಂಡರ್ ನೋಡಿ ವಾರ ಗುರುತಿಸಿ, ಆ ವಾರಕ್ಕೆ ದುರಸ್ತಿಗಾಗಿ ಮುಚ್ಚುವ ರೈಡ್‌ಗಳ ಪಟ್ಟಿಯನ್ನು ಪಾರ್ಕಿನ ಜಾಲತಾಣದಲ್ಲಿ ಪರಿಶೀಲಿಸಿ, ನಿಮ್ಮ ಮಕ್ಕಳು ಕಾದಿರುವ ರೈಡ್ ಅದರಲ್ಲಿಲ್ಲ ಎಂದು ಖಚಿತವಾದ ಮೇಲೆ ಹೋಟೆಲ್ ಗೊತ್ತುಮಾಡಿ. ಹಣ ಹಿಂದಿರುಗದ ವಿಮಾನ ಟಿಕೆಟ್ಟನ್ನು ಕೊನೆಗೆ ಕೊಳ್ಳಿ.